ಬ್ಯಾಚ್ ಶೀಟಿನಲ್ಲಿ ಇಲ್ಲದ ನಲವತ್ಮೂರು ನಿಮಿಷ

ಕಪ್ಪು ಕೈಯ ನನ್ನ ಅಪ್ಪನಿಗೆ,

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ಹೇಳಲೇಬೇಕಾದ ಇನ್ನೊಂದು ವಿಷಯ ಆಮೇಲೆ. ನನಗೆ ಮದುವೆಯಾಯಿತು ಅಪ್ಪಾ! ಹುಡುಗನ ಹೆಸರು ಚೇತನ್. ಮನೆ ಚಂದಾಪುರದಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿಸುವುದು. ಎಷ್ಟು ನಗಿಸುತ್ತಾನೆ ಎಂದರೆ ಮಾಂಗಲ್ಯ ಕಟ್ಟುವಾಗಲೂ ನಕ್ಕುಬಿಟ್ಟು ಪುರೋಹಿತರಿಂದ ಬೈಸಿಕೊಂಡೆ. ಧಾರೆ ಎರೆಯಲು ನಿನ್ನ ಜಾಗದಲ್ಲಿ ಚಿಕ್ಕಪ್ಪ ನಿಂತರು. ಅವರ ಕೈ ಎಷ್ಟು ಬೆಳ್ಳಗಿತ್ತು ಗೊತ್ತಾ? ಆಗ ಒಂದೇ ಒಂದು ಕ್ಷಣ ನಗು ನಿಂತುಹೋಯಿತು.

ಮದುವೆಯಾಗಿ ಐದೇ ವಾರಕ್ಕೆ ಆಷಾಢ ಬಂತು. ನಮ್ಮ ಅತ್ತೆ ಒಳ್ಳೆಯವರು, ಬಾಯಿ ತುಂಬಾ ಮಾತಾಡುತ್ತಾರೆ, ಆದರೆ ಈ ವಿಷಯದಲ್ಲಿ ಒಂದು ಇಂಚೂ ಬಗ್ಗಲಿಲ್ಲ. ಹೊಸ ಸೊಸೆ ಮತ್ತು ಅತ್ತೆ ಆಷಾಢದಲ್ಲಿ ಒಂದೇ ಹೊಸಿಲು ದಾಟಬಾರದಂತೆ, ಗಂಡ ಹೆಂಡತಿ ಒಟ್ಟಿಗೆ ಇರಬಾರದಂತೆ. ಚಂದಾಪುರದಿಂದ ನಾನು ಕೆಲಸ ಮಾಡುವ ಅತ್ತಿಬೆಲೆಯ ಬ್ಯಾಟರಿ ಕಂಪನಿಗೆ ಇಪ್ಪತ್ತು ನಿಮಿಷ. ಈಗ ರಾಜಗೋಪಾಲನಗರದ ನಮ್ಮ ಮನೆಯಿಂದ ಎರಡು ಮೆಟ್ರೋ, ಒಂದು ಬಸ್ಸು, ಎರಡು ಗಂಟೆ. ಆಫೀಸಿನಲ್ಲಿ ಎಲ್ಲರೂ ನನ್ನನ್ನು 'ಆಷಾಢದ ಪ್ಯಾಸೆಂಜರ್' ಎಂದು ಕರೆಯುತ್ತಾರೆ. ಅಮ್ಮನಿಗಂತೂ ಹಬ್ಬ. ದಿನಾ ಒಂದೊಂದು ತಿಂಡಿ ಮಾಡುತ್ತಾಳೆ, ಚೇತನ್ ಫೋನ್ ಮಾಡಿದರೆ ಸಾಕು, ಟಿ.ವಿ. ಸದ್ದು ಕಡಿಮೆ ಮಾಡಿ ಕೇಳಿಸಿಕೊಳ್ಳುತ್ತಾಳೆ. ಹಾಗಾಗಿ ನಾವು ಮನೆಯಲ್ಲಿ ಮಾತಾಡುವುದಿಲ್ಲ, ಕೆಲಸದ ಹೊತ್ತಿನಲ್ಲಿ ಮಾತಾಡುತ್ತೇವೆ. ಇದನ್ನು ನೆನಪಿಟ್ಟುಕೋ. ಎಲ್ಲ ಶುರುವಾದದ್ದು ಇಲ್ಲಿಂದಲೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ತುಂಡು ಹಾಳೆ ಮನೆಗೆ ತಂದಿದ್ದೆ, ನೆನಪಿದೆಯಾ? ನೀನು ನಮ್ಮನ್ನು ಬಿಟ್ಟು ಹೋಗುವುದಕ್ಕೆ ಮೂರು ತಿಂಗಳು ಮೊದಲು. ತೆಳ್ಳನೆಯ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಕಪ್ಪು ಲೇಪ. ಬ್ಯಾಟರಿಯ ಒಳಗೆ ಸುತ್ತಿಡುವುದು ಇದನ್ನೇ ಎಂದೆ. ನೀನು ಕನ್ನಡಕ ಹಾಕಿಕೊಂಡು, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಮೂಸಿ ನೋಡಿದೆ. ಆಮೇಲೆ ನಿನ್ನ ಮುಖ ಅರಳಿದ ರೀತಿ! "ಇದು ನಮ್ಮ ಕಪ್ಪು ಅಲ್ವೇನವ್ವ?" ಎಂದೆ. ಇಪ್ಪತ್ತೊಂದು ವರ್ಷ ಪೀಣ್ಯದ ರಬ್ಬರ್ ಫ್ಯಾಕ್ಟರಿಯಲ್ಲಿ, ಆ ಎರಡು ದೊಡ್ಡ ಉರುಳೆಗಳ ಮಿಲ್ಲಿನ ಮುಂದೆ ನಿಂತು ರಬ್ಬರಿಗೆ ಕಾರ್ಬನ್ ಪುಡಿ ಬೆರೆಸಿದವನು ನೀನು. ನಿನ್ನ ಉಗುರುಗಳ ಸಂದಿಯಿಂದ ಆ ಕಪ್ಪು ಭಾನುವಾರವೂ ಹೋಗುತ್ತಿರಲಿಲ್ಲ. ಹೌದು ಅಪ್ಪಾ, ಅದೇ ಕಪ್ಪು. ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿ, ಆ ಮಿಲ್ಲಿನಿಂದ ದೂರ ಇಡಬೇಕೆಂದು ನೀನು ಪಟ್ಟ ಪಾಡೆಲ್ಲ ಸುತ್ತಿ ಬಳಸಿ ಅದೇ ಕಪ್ಪಿಗೆ ಬಂದು ನಿಂತಿತಲ್ಲ ಎಂದು ಇಬ್ಬರೂ ಎಷ್ಟು ನಕ್ಕೆವು.

ಅವತ್ತು ನೀನು ಕೇಳಿದ ಪ್ರಶ್ನೆಗೆ ನಾನು ಇಂಗ್ಲಿಷ್ ಪದಗಳನ್ನು ಸುರಿದು ಗೊಂದಲ ಮಾಡಿದ್ದೆ. ಈಗ ನೆಟ್ಟಗೆ ಹೇಳುತ್ತೇನೆ. ಬ್ಯಾಟರಿಯಲ್ಲಿ ಶಕ್ತಿ ಹಿಡಿದಿಡುವ ಪುಡಿ ಬೇರೆ. ಆದರೆ ಆ ಪುಡಿಯ ಕಣಗಳಲ್ಲಿ ಕರೆಂಟು ಸರಾಗವಾಗಿ ಹರಿಯುವುದಿಲ್ಲ. ನಡುವೆ ಕಾರ್ಬನ್ ಕೂತು ಕಣದಿಂದ ಕಣಕ್ಕೆ ದಾರಿ ಮಾಡಿಕೊಡಬೇಕು. ಚಾರ್ಜ್ ಆಗುವಾಗ ಕಣಗಳು ಉಬ್ಬುತ್ತವೆ, ಕುಗ್ಗುತ್ತವೆ, ಮತ್ತೆ ಉಬ್ಬುತ್ತವೆ. ನೂರಾರು ಸಲ ಹೀಗಾದ ಮೇಲೆ ಕೆಲವು ಕಣಗಳಿಗೆ ಕಾರ್ಬನ್ನಿನ ನಂಟು ಕಡಿದುಹೋಗುತ್ತದೆ. ನಂಟು ಕಡಿದ ಕಣ ಬ್ಯಾಟರಿಯೊಳಗೇ ಇರುತ್ತದೆ, ಆದರೆ ಯಾವ ಕೆಲಸಕ್ಕೂ ಬರುವುದಿಲ್ಲ. ಬ್ಯಾಟರಿ ಮುದಿಯಾಗುವುದು ಹೀಗೂ ಒಂದು ರೀತಿ. ನಮ್ಮ ಲ್ಯಾಬಿನ ಮುಖ್ಯಸ್ಥೆ ಗಿರಿಜಾ ಮೇಡಂ ಮೂರು ವರ್ಷದಿಂದ ಮಾಡುತ್ತಿರುವುದು ಇದಕ್ಕೇ ಮದ್ದು. ಮಾಮೂಲಿ ಕಾರ್ಬನ್ ಪುಡಿಯ ಜೊತೆಗೆ, ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಕಾರ್ಬನ್ ಎಳೆಗಳನ್ನು ಚೂರೇ ಚೂರು ಸೇರಿಸುವುದು. ಕಣಗಳು ಎಷ್ಟೇ ಉಬ್ಬಿ ಕುಗ್ಗಿದರೂ ಉದ್ದದ ಎಳೆ ಹಿಡಿದ ಹಿಡಿತ ಬಿಡಬಾರದು, ಬ್ಯಾಟರಿ ಹೆಚ್ಚು ವರ್ಷ ಬಾಳಬೇಕು.

ಇದನ್ನು ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ನಿನಗೆ ಊಟ ತೆಗೆದುಕೊಂಡು ಬಂದರೆ, ಮಿಲ್ಲಿನ ಪಕ್ಕ ನಿಲ್ಲಿಸಿಕೊಂಡು ಪಾಠ ಮಾಡುತ್ತಿದ್ದೆಯಲ್ಲ. ಕಪ್ಪು ಹಾಕದ ಟೈರು ಒಂದು ಮಳೆಗಾಲವೂ ಬಾಳುವುದಿಲ್ಲ, ಆದರೆ ಕಪ್ಪು ಹಾಕಿದರೆ ಸಾಲದು, ಎಷ್ಟು ಹೊತ್ತು ಅರೆಯುತ್ತೀಯ ಎನ್ನುವುದು ಮುಖ್ಯ ಎಂದು. "ನುಣ್ಣಗಾಯ್ತು ಅಂತ ಖುಷಿ ಪಡಬ್ಯಾಡ ಕಣವ್ವ. ಜಾಸ್ತಿ ಅರೆದ್ರೆ ಅದು ಹಿಡ್ಕೊಂಡಿದ್ದ ಕೈ ಬಿಟ್ಬಿಡ್ತದೆ." ಈ ಮಾತು ನನ್ನ ಕಿವಿಯಲ್ಲೇ ಇತ್ತು. ಇದ್ದೂ ನಾನು…

ಆಷಾಢದ ಮೂರನೇ ದಿನ. ಹೊಸ ಎಳೆ ಸೇರಿಸಿದ ಮೊದಲ ಬ್ಯಾಚನ್ನು ಕಲೆಸುವ ಕೆಲಸ ನನ್ನದು. ಜೋರು ವೇಗದಲ್ಲಿ ಐವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಜಾಸ್ತಿ ಬೇಡ ಎಂದು ಮೇಡಂ ಎರಡು ಸಲ ಹೇಳಿದ್ದರು. ಜಾಸ್ತಿಯಾದರೆ ಎಳೆಗಳು ತುಂಡಾಗುತ್ತವೆ. ನಮ್ಮ ಮಿಕ್ಸರಿನ ಟೈಮರ್ ಕೆಟ್ಟು ತಿಂಗಳಾಗಿತ್ತು, ಎಲ್ಲರೂ ಫೋನಿನಲ್ಲೇ ಅಲಾರಂ ಇಟ್ಟುಕೊಳ್ಳುತ್ತೇವೆ. ಇನ್ನೊಂದು ಅಭ್ಯಾಸವೂ ಇದೆ. ಕಾರ್ಬನ್ ಮುಟ್ಟಿದ ಮೇಲೆ ಪೆನ್ನು ಹಿಡಿದರೆ ಕಾಗದವೆಲ್ಲ ಕಪ್ಪಾಗುತ್ತದೆಂದು ಬ್ಯಾಚ್ ಶೀಟನ್ನು ಮೊದಲೇ ತುಂಬಿಬಿಡುತ್ತೇವೆ. ನಾನೂ 'ಕಲೆಸಿದ ಸಮಯ: ೫೦ ನಿಮಿಷ' ಎಂದು ಅಂದವಾಗಿ ಬರೆದು, ಸಹಿ ಹಾಕಿ, ಆಮೇಲೆ ಕೈಗವಸು ಹಾಕಿಕೊಂಡೆ. ಮಿಕ್ಸರ್ ಆನ್ ಮಾಡಿ, ಬಿಳಿ ಗೌನು, ಟೋಪಿ, ಮಾಸ್ಕಿನ ಅವತಾರದಲ್ಲಿ ಒಂದು ಸೆಲ್ಫಿ ತೆಗೆದು ಚೇತನ್‌ಗೆ ಕಳಿಸಿದೆ. 'ನಿನ್ನ ಹೆಂಡತಿ ಯಾರು ಹೇಳು' ಎಂದು.

ಐವತ್ತು ನಿಮಿಷ ಮುಗಿಯಲು ಇನ್ನೆರಡು ನಿಮಿಷ ಇದೆ ಎನ್ನುವಾಗ ಅವನು ಫೋನ್ ಮಾಡಿದ. ನಾನು ಬಾಗಿಲಾಚೆ ಕಾರಿಡಾರಿಗೆ ಹೋದೆ. ಎರಡು ನಿಮಿಷಕ್ಕೆ ಕಿವಿಯಲ್ಲಿ ಅಲಾರಂ ಕುಯ್ಯಿ ಎಂದಿತು, ಬೆರಳಿನಿಂದ ಸರಿಸಿಬಿಟ್ಟೆ. ಈಗ ಹೋಗುತ್ತೇನೆ, ಈಗ ಹೋಗುತ್ತೇನೆ ಎಂದುಕೊಂಡೇ ಮಾತಾಡಿದೆ ಅಪ್ಪಾ. ಏನು ಮಾತಾಡಿದೆವು ಎಂದು ಕೇಳಬೇಡ, ಹೇಳುವಂಥದ್ದೇನೂ ಇಲ್ಲ. ಯಾವುದೋ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಜ್ಜಿಯೊಬ್ಬರು ಒಳಗಿನಿಂದಲೇ ಅವನಿಗೆ ಹೆಣ್ಣು ನೋಡಲು ಶುರು ಮಾಡಿದ್ದರಂತೆ. ನಾನು ಗೋಡೆಗೆ ಒರಗಿ ಕಣ್ಣೀರು ಬರುವಷ್ಟು ನಕ್ಕೆ. ಫೋನ್ ಇಟ್ಟು ಒಳಗೆ ಓಡಿದಾಗ ಮಿಕ್ಸರ್ ಪಾಪ ಇನ್ನೂ ತಿರುಗುತ್ತಲೇ ಇತ್ತು. ಮುಚ್ಚಳ ತೆಗೆದರೆ, ಅಷ್ಟು ನುಣ್ಣನೆಯ, ಹೊಳೆಯುವ ಹಿಟ್ಟನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಚೆನ್ನಾಗಿಯೇ ಆಗಿದೆಯಲ್ಲ ಎಂದುಕೊಂಡೆ. ನಿನ್ನ ಮಾತು ಆಗ ಯಾಕೆ ನೆನಪಾಗಲಿಲ್ಲ? ಅಥವಾ ನೆನಪಾಗಿಯೂ ನಾನೇ…

ಶೀಟಿನಲ್ಲಿ ಐವತ್ತು ಎಂದೇ ಉಳಿಯಿತು. ನಾನು ಸುಳ್ಳು ಬರೆಯಲಿಲ್ಲ ಎಂದು ಮೂರು ವಾರ ನನಗೆ ನಾನೇ ಹೇಳಿಕೊಂಡೆ. ಬರೆಯುವಾಗ ಅದು ನಿಜವೇ ಆಗಬೇಕಿತ್ತಲ್ಲ?

ಆ ಹಿಟ್ಟನ್ನು ಹಾಳೆಗೆ ಲೇಪಿಸಿ, ಒಣಗಿಸಿ, ನಾಣ್ಯದ ಗಾತ್ರದ ಹನ್ನೆರಡು ಬ್ಯಾಟರಿ ಮಾಡಿದೆವು. ಪಕ್ಕದಲ್ಲಿ ಹೋಲಿಕೆಗೆಂದು ಹಳೆಯ ಪುಡಿ ಮಾತ್ರ ಹಾಕಿದ ಹನ್ನೆರಡು. ಇಪ್ಪತ್ನಾಲ್ಕನ್ನೂ ಮೆಷಿನ್ನಿಗೆ ಕಟ್ಟಿದರೆ ಅದು ಹಗಲಿರುಳೂ ಚಾರ್ಜ್ ಮಾಡುತ್ತದೆ, ಖಾಲಿ ಮಾಡುತ್ತದೆ. ಹೊಸದು ಮೊದಮೊದಲು ಮುಂದಿತ್ತು, ಮೇಡಂ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಎಂಬತ್ತನೇ ಸುತ್ತಿನ ಹೊತ್ತಿಗೆ ಗ್ರಾಫಿನಲ್ಲಿ ಅದರ ಗೆರೆ ಬಾಗಿತು. ನೂರೈವತ್ತಕ್ಕೆ ಹಳೆಯದಕ್ಕಿಂತ ಕೆಳಗೆ ಹೋಯಿತು. ದಾವಣಗೆರೆಯ ಕಡೆಯವರು ಮೇಡಂ, ಯಾರಿಗೂ ಹೆದರದ ದೊಡ್ಡ ಗಂಟಲು. ಆ ಗಂಟಲು ದಿನದಿನಕ್ಕೆ ಸಣ್ಣದಾಗುತ್ತಾ ಬಂತು. ಬ್ಯಾಚ್ ಶೀಟನ್ನು ಎಷ್ಟು ಸಲ ತಿರುಗಿಸಿ ನೋಡಿದರೋ. ತೂಕ ಸರಿ, ಬಿಸಿ ಸರಿ, ಸಮಯ ಸರಿ. ಮೊನ್ನೆ ಶುಕ್ರವಾರ ನನ್ನ ಟೇಬಲಿನ ಹತ್ತಿರ ಬಂದು, ಎಲ್ಲ ಸರಿಯಾಗಿ ಮಾಡಿಯೂ ಹೀಗಾಯಿತು ಎಂದರೆ ನನ್ನ ಎಣಿಕೆಯೇ ತಪ್ಪು ಎಂದರು. ನಾಳೆ ಸೋಮವಾರ ಹತ್ತು ಗಂಟೆಗೆ ಕಂಪನಿಯ ಹಿರಿಯರ ಮುಂದೆ ಈ ಎಳೆಯ ಕೆಲಸ ನಿಲ್ಲಿಸೋಣ ಎಂದು ಅವರೇ ಹೇಳಲಿದ್ದಾರೆ. ಮೂರು ವರ್ಷದ ಕೆಲಸ. ನಾನು ತಲೆಯಾಡಿಸಿದೆ ಅಪ್ಪಾ. ನಾನು ಬರೀ ತಲೆಯಾಡಿಸಿದೆ.

ಚೇತನ್‌ಗೆ ಮಾತ್ರ ಹೇಳಿದ್ದೇನೆ. ಇವತ್ತು ಮಧ್ಯಾಹ್ನ ನಾನು ಅಲ್ಲೇ ಬಿಟ್ಟುಬಂದ ಹೆಲ್ಮೆಟ್ ಕೊಡುವ ನೆಪ ಮಾಡಿಕೊಂಡು ಚಂದಾಪುರದಿಂದ ಇಲ್ಲಿಗೆ ಬಂದಿದ್ದಾನೆ. ಅಮ್ಮ ಅವನನ್ನು ನಡುಮನೆಯಲ್ಲಿ ಕೂರಿಸಿ, ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ನಡುವೆ ತಾನು ಚಕ್ಕುಲಿ ಒತ್ತುತ್ತಾ ಕೂತಿದ್ದಾಳೆ. ಅವನು ಅಲ್ಲಿಂದಲೇ ಮೆಸೇಜು ಹಾಕುತ್ತಿದ್ದಾನೆ. ತಪ್ಪೆಲ್ಲ ತನ್ನದು ಎಂದು ಬರೆದುಕೊಡುತ್ತಾನಂತೆ. ಹತ್ತು ನಿಮಿಷ ಬಿಟ್ಟು ಇನ್ನೊಂದು: ಹೇಳದೇ ಇದ್ದರೆ ಏನಾಗುತ್ತದೆ, ಯಾರಿಗೆ ಗೊತ್ತಾಗುತ್ತದೆ? ನನ್ನ ಕೆಲಸ ಹೋಗುತ್ತದೆಂದು ಅವನಿಗೆ ಭಯ. ನನಗೂ ಭಯ. ಮದುವೆಯಾಗಿ ಎರಡು ತಿಂಗಳಾಗಿಲ್ಲ, ಅತ್ತೆಯಂತೂ 'ನನ್ನ ಸೊಸೆ ಬ್ಯಾಟರಿ ಮಾಡುತ್ತಾಳೆ' ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಗಂಡನ ಜೊತೆ ಫೋನಿನಲ್ಲಿ ಹರಟುತ್ತಾ ಕೆಲಸ ಕೆಡಿಸಿದಳು ಎಂದು ಅವರಿಗೆ ಯಾವ ಮುಖದಿಂದ ಹೇಳಲಿ? ಅದಕ್ಕೇ ಅಡುಗೆಮನೆಯ ನೆಲದ ಮೇಲೆ ಕೂತು ನಿನಗೆ ಬರೆಯುತ್ತಿದ್ದೇನೆ. ನಿನಗಾದರೆ ವಿವರಿಸಬೇಕಾಗಿಲ್ಲ.

ಯಾಕೆಂದರೆ ಆ ಹಾಳೆ ಮೂಸಿ ನೋಡಿದ ಸಂಜೆಯೇ ನೀನು ನನಗೆ ಬಷೀರ್ ಸಾಬರ ವಿಷಯ ಹೇಳಿದ್ದೆ. ಚಿಕ್ಕಂದಿನಲ್ಲಿ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವಾಗ, ನೇರ ರಸ್ತೆ ಬಿಟ್ಟು ಆ ಗಬ್ಬು ಮೋರಿಯ ಪಕ್ಕದ ದಾರಿಯಲ್ಲಿ ಯಾಕೆ ಸುತ್ತಿಕೊಂಡು ಹೋಗುತ್ತಿದ್ದೆ ಎಂದು ನಾನು ಎಷ್ಟು ಸಲ ಕೇಳಿರಲಿಲ್ಲ? ನೇರ ರಸ್ತೆಯಲ್ಲಿ ನಿಮ್ಮ ಫ್ಯಾಕ್ಟರಿಗೆ ಪುಡಿ ಕೊಡುತ್ತಿದ್ದ ಸಾಬರ ಕಾರ್ಬನ್ ಗೋದಾಮಿತ್ತು. ಒಂದು ದಿನ ನೀನು ಮಿಲ್ಲು ಓಡುತ್ತಿರುವಾಗಲೇ ಟೀ ಅಂಗಡಿಯ ಟಿ.ವಿ.ಯಲ್ಲಿ ಕ್ರಿಕೆಟ್ಟಿನ ಕೊನೆಯ ಓವರುಗಳನ್ನು ನೋಡಲು ಹೋಗಿ, ಅವತ್ತಿನ ಲಾಟಿನ ರಬ್ಬರು ಅತಿಯಾಗಿ ಅರೆದುಹೋಯಿತು. ಅದರಿಂದ ಮಾಡಿದ ಪಂಪಿನ ವಾಷರುಗಳು ಎರಡೇ ತಿಂಗಳಿಗೆ ಬಿರುಕು ಬಿಟ್ಟು ವಾಪಸ್ಸು ಬಂದವು. ಓನರು ಕೇಳಿದಾಗ ನೀನು ಹೇಳಿದ್ದು ಒಂದೇ ಮಾತು. "ಕಾರ್ಬನ್ ಸರಿ ಇಲ್ಲ ಸಾರ್, ಥಂಡಿ ಹಿಡಿದೈತೆ." ಸಾಬರ ಹತ್ತಿರ ಮಾಲು ತರಿಸುವುದನ್ನು ಮರುವಾರವೇ ನಿಲ್ಲಿಸಿದರು. ಪಕ್ಕದ ಫ್ಯಾಕ್ಟರಿಯವರೂ ಕೇಳಿಸಿಕೊಂಡು ನಿಲ್ಲಿಸಿದರು.

"ಆಮ್ಯಾಕೆ ಹೇಳನ ಹೇಳನ ಅಂತ ಅಂದ್ಕೊಂಡೆ ಕಣವ್ವ. ದಿನ ಕಳೆದಂಗೆಲ್ಲ ಆ ರೋಡು ಉದ್ದ ಆಯ್ತಾ ಹೋಯ್ತು" ಎಂದೆ ನೀನು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನಾನು ಆಗ ನಿನ್ನನ್ನು ಸಮಾಧಾನ ಮಾಡಿದೆ. ಹೋಗಲಿ ಬಿಡಪ್ಪ, ಎಷ್ಟೋ ವರ್ಷವಾಯಿತು, ಅವರಿಗೇ ಮರೆತಿರುತ್ತದೆ ಎಂದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ ನೋಡು! ನೀನು ಆ ಹಾಳೆಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಅದರಿಂದ ಆ ಬಿಳಿ ಅಂಗಿಗೆ ಆದ ಕಲೆ ಇನ್ನೂ ಇದೆ, ಅಮ್ಮ ಅದನ್ನು ಯಾರಿಗೂ ಕೊಟ್ಟಿಲ್ಲ.

ಇಲ್ಲಿಯವರೆಗೆ ಬರೆದು ನಿಲ್ಲಿಸಿ ಎದ್ದೆ, ಅಪ್ಪಾ. ಈಗ ವಾಪಸ್ಸು ಬಂದು ಮುಂದುವರಿಸುತ್ತಿದ್ದೇನೆ. ಚಕ್ಕುಲಿ ಮುಗಿದು ಅಮ್ಮ ಕೋಡುಬಳೆ ಶುರು ಮಾಡಿದ್ದಾಳೆ.

ಸಾಬರ ಹತ್ತಿರ ನಾನೇ ಹೋಗಿ ಹೇಳಿಬಿಡುತ್ತೇನೆ ಎಂದು ಥಟ್ಟನೆ ಅನಿಸಿತು. ನಿನ್ನದನ್ನು ಹೇಳಿದರೆ ನನ್ನದನ್ನು ಹೇಳುವ ಧೈರ್ಯ ಬರಬಹುದು ಎಂದು. ಚೇತನ್‌ಗೆ ಸನ್ನೆ ಮಾಡಿದೆ. ಅಂಗಡಿಯಿಂದ ಎಣ್ಣೆ ತರುತ್ತೇವೆ ಎಂದರೆ ಅಮ್ಮ ಇಬ್ಬರನ್ನೂ ನೋಡಿ, "ಒಂದು ಲೀಟರ್ ಎಣ್ಣೆ ಹೊರೋಕೆ ಇಬ್ರು ಬೇಕಾ? ಅದೂ ಆಷಾಢದಲ್ಲಿ?" ಎಂದಳು. ಆದರೂ ಬಿಟ್ಟಳು. ನಡೆದುಕೊಂಡೇ ಹೋದೆವು. ನಿನ್ನ ಸುತ್ತು ದಾರಿಯೇ ನನಗೂ ರೂಢಿಯಾಗಿ, ಆ ನೇರ ರಸ್ತೆಯಲ್ಲಿ ನಾನು ನಡೆದದ್ದು ಇದೇ ಮೊದಲು. ನಮ್ಮ ಮನೆಯಿಂದ ಲೆಕ್ಕ ಹಾಕಿದರೆ ಏಳು ನಿಮಿಷ ಅಷ್ಟೇ.

ಗೋದಾಮು ಇಲ್ಲ ಅಪ್ಪಾ. ಅಲ್ಲಿ ಈಗ ಐದು ಮಹಡಿಯ ಪಿ.ಜಿ. ಬಂದಿದೆ. ಬಾಲ್ಕನಿ ತುಂಬಾ ಒಣಗಲು ಹಾಕಿದ ಯೂನಿಫಾರಂ ಅಂಗಿಗಳು. ಪಕ್ಕದ ಲೇತ್ ಅಂಗಡಿಯ ಯಜಮಾನರನ್ನು ಕೇಳಿದೆ. ಸಾಬರು ಗೋದಾಮು ಖಾಲಿ ಮಾಡಿ ಬಹಳ ವರ್ಷವಾಯಿತಂತೆ, ತೀರಿಕೊಂಡರು ಎಂದು ಯಾರೋ ಹೇಳಿದರಂತೆ, ಮಕ್ಕಳು ಎಲ್ಲಿದ್ದಾರೋ ತಿಳಿಯದಂತೆ. "ಏನಾಗ್ಬೇಕಿತ್ತಮ್ಮ?" ಎಂದರು. ಏನೂ ಇಲ್ಲ ಅಣ್ಣ ಎಂದೆ. ಇನ್ನೇನು ಹೇಳಲಿ? ನಿನ್ನ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವರೇ ಉಳಿದಿಲ್ಲ. ನನ್ನ ಮಾತನ್ನು ಕೇಳಿಸಿಕೊಳ್ಳಬೇಕಾದವರು ಇದ್ದಾರೆ, ಅವರ ನಂಬರ್ ನನ್ನ ಕೈಯಲ್ಲೇ ಇದೆ. ಆ ಪಿ.ಜಿ.ಯ ಗೇಟಿನ ಮುಂದೆ ನಿಂತುಕೊಂಡೇ ಮೇಡಂಗೆ ಫೋನ್ ಮಾಡಿದೆ. ಅವಸರದಲ್ಲಿ ಮೊದಲ ಸಲ ಕರೆ ಗ್ಯಾಸ್ ಬುಕಿಂಗಿಗೆ ಹೋಯಿತು.

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತಲಿಂದ ಕುಕ್ಕರಿನ ಸೀಟಿ ಕೇಳಿಸಿತು, ಆಮೇಲೆ ಯಾರೋ ಒಲೆ ಆರಿಸಿದ ಸದ್ದು. ಮೇಡಂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಐವತ್ತಲ್ಲ ಅಂದ್ರೆ ಎಷ್ಟು?" ಎಂದರು.

"ಗೊತ್ತಿಲ್ಲ ಮೇಡಂ. ತುಂಬಾ."

"ತುಂಬಾ ಅನ್ನೋದು ನಂಬರ್ ಅಲ್ಲ, ಸಿಂಧು."

ಆಗ ಹೊಳೆಯಿತು ಅಪ್ಪಾ. ಮಿಕ್ಸರ್ ಆನ್ ಮಾಡಿದ ಕ್ಷಣಕ್ಕೆ ಸೆಲ್ಫಿ ಕಳಿಸಿದ್ದೆನಲ್ಲ, ಹನ್ನೊಂದು ಗಂಟೆ ನಾಲ್ಕು ನಿಮಿಷ. ಚೇತನ್ ಕರೆ ಬಂದದ್ದು ಹನ್ನೊಂದು ಐವತ್ತೆರಡಕ್ಕೆ, ಮಾತಾಡಿದ್ದು ನಲವತ್ತೈದು ನಿಮಿಷ, ಫೋನಿನಲ್ಲಿ ಎಲ್ಲ ಹಾಗೆಯೇ ಇದೆ. ಫೋನ್ ಇಟ್ಟ ತಕ್ಷಣ ಮಿಕ್ಸರ್ ಆರಿಸಿದ್ದೆ. ಅಂದರೆ ತೊಂಬತ್ಮೂರು ನಿಮಿಷ. ನಲವತ್ಮೂರು ಜಾಸ್ತಿ. ಮೂರು ವರ್ಷದ ಕೆಲಸದ ನಿಜವಾದ ದಾಖಲೆ ಇರುವುದು ನನ್ನ ಗಂಡನ ಕರೆಗಳ ಪಟ್ಟಿಯಲ್ಲಿ! ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ಕಳಿಸು, ನಾಳೆ ಮೀಟಿಂಗಿನಲ್ಲಿ ತೋರಿಸಬೇಕು ಎಂದರು ಮೇಡಂ. ಅವನ ಹೆಸರನ್ನು ನಾನು 'ನನ್ ಬಂಗಾರಿ ಲಿಫ್ಟ್' ಎಂದು ಸೇವ್ ಮಾಡಿಕೊಂಡಿದ್ದೇನೆ, ಪಕ್ಕದಲ್ಲಿ ಮೂರು ಕೆಂಪು ಹೃದಯ. ಹೆಸರು ಬದಲಾಯಿಸಿ ಕಳಿಸಲಾ ಮೇಡಂ ಎಂದು ಕೇಳಿಯೇಬಿಟ್ಟೆ.

"ಏನೂ ಮುಟ್ಬೇಡ. ಇದ್ದದ್ದನ್ನ ಇದ್ದ ಹಾಗೇ ಕಳ್ಸು" ಎಂದರು. ಮತ್ತೆ ಅವರೇ, "ಮೂರು ವಾರ ನನ್ನ ಮುಖ ನೋಡ್ಕೊಂಡು ಹೇಗೆ ಸುಮ್ಮನಿದ್ದೆ ನೀನು?" ಎಂದರು. ಎರಡನ್ನೂ ಇದ್ದ ಹಾಗೇ ಕಳಿಸಿದೆ.

ಇನ್ನೊಂದು ಬ್ಯಾಚ್ ಮಾಡಲು ಅವಕಾಶ ಕೊಡುತ್ತಾರೋ ಇಲ್ಲವೋ ಅವರಿಗೂ ಗೊತ್ತಿಲ್ಲವಂತೆ. ಅತಿಯಾಗಿ ಕಲೆಸಿದ್ದೇ ಕಾರಣ ಎಂದು ಈಗಲೇ ಹೇಳಲಾಗುವುದಿಲ್ಲ, ಸರಿಯಾಗಿ ಮಾಡಿದರೂ ಎಳೆ ಸೋಲಬಹುದು. ನನ್ನ ಕೆಲಸ ಉಳಿಯುತ್ತದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಅವರೂ ಹೇಳಲಿಲ್ಲ. ಫೋನ್ ಇಡುವ ಮುಂಚೆ ಮಾತ್ರ, ನಾಳೆ ಎಂಟು ಗಂಟೆಗೇ ಬಂದು ಮಿಕ್ಸರ್ ತೊಳೆದಿಡು, ಕೊಟ್ಟರೆ ಅಂತ ಇರಲಿ ಎಂದರು. ಆ 'ಕೊಟ್ಟರೆ' ಎಂಬ ಮಾತನ್ನು ಹಿಡಿದುಕೊಂಡು ಕೂತಿದ್ದೇನೆ. ವಾಪಸ್ಸು ಬರುವಾಗ ಚೇತನ್ ಒಂದೂ ಜೋಕ್ ಹೇಳಲಿಲ್ಲ. ಎಣ್ಣೆ ತರುವುದನ್ನು ಇಬ್ಬರೂ ಮರೆತಿದ್ದೆವು. ಅಮ್ಮ ನಮ್ಮ ಮುಖ ನೋಡಿ, ಮೊದಲ ಸಲ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ತಟ್ಟೆ ಕೊಟ್ಟಳು.

ನಾಲ್ಕನೇ ಕ್ಲಾಸಿನಲ್ಲಿ ಪೇರೆಂಟ್ಸ್ ಮೀಟಿಂಗಿಗೆ ಬಂದಾಗ, ಕೈ ಹಿಂದೆ ಕಟ್ಟಿಕೊಂಡು ನಿಂತುಕೋ ಅಪ್ಪ ಎಂದು ನಾನು ನಿನಗೆ ಹೇಳಿದ್ದೆ. ನೀನು ನಕ್ಕು, ಹಾಗೆಯೇ ನಿಂತಿದ್ದೆ. ಅದಕ್ಕೆ ನಾನು ಎಂದೂ ಕ್ಷಮೆ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಬರುವ ವಾರ ಭೀಮನ ಅಮಾವಾಸ್ಯೆ, ಆಷಾಢ ಮುಗಿಯುತ್ತದೆ, ಗಂಡನ ಪೂಜೆ ನನಗೆ ಇದೇ ಮೊದಲ ಸಲ. ಅಷ್ಟರೊಳಗೆ ನಾನು ಕೆಲಸದಲ್ಲಿ ಇರುತ್ತೇನೋ ಇಲ್ಲವೋ. ಇದ್ದರೆ, ಅತ್ತೆಯ ಮುಂದೆ ಕಪ್ಪು ಉಗುರುಗಳಲ್ಲೇ ಪೂಜೆಗೆ ಕೂರುತ್ತೇನೆ. ಇಲ್ಲದಿದ್ದರೆ, ಯಾಕೆ ಇಲ್ಲ ಎಂದು ಅವರಿಗೆ ನಾನೇ ಹೇಳುತ್ತೇನೆ.

ನಾಳೆ ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಡಬೇಕು. ಮೆಟ್ರೋ ಸ್ಟೇಷನ್ನಿಗೆ ನೇರ ರಸ್ತೆಯಲ್ಲೇ ಹೋಗುತ್ತೇನೆ. ಫೋನನ್ನು ಗೇಟಿನ ಸೆಕ್ಯೂರಿಟಿ ಅಣ್ಣನ ಕೈಗೆ ಕೊಟ್ಟು ಒಳಗೆ ಹೋಗುತ್ತೇನೆ. ಕೈಗಡಿಯಾರ ಬೇಕಲ್ಲ, ಅದಕ್ಕೆ ಅಮ್ಮನ ಬೀರುವಿನಿಂದ ನಿನ್ನದನ್ನು ತೆಗೆದಿಟ್ಟುಕೊಂಡಿದ್ದೇನೆ. ಬೆಲ್ಟಿನ ಸಂದಿಯಲ್ಲಿ ಕಪ್ಪು ಇನ್ನೂ ಹಾಗೆಯೇ ಇದೆ. ಕೀ ಕೊಟ್ಟೆ, ಓಡುತ್ತಿದೆ. ಅವರು ಹೂಂ ಎಂದರೆ, ಐವತ್ತು ನಿಮಿಷ ಅದನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಶೀಟನ್ನು ಆಮೇಲೆ ಬರೆಯುತ್ತೇನೆ, ಕಾಗದ ಕಪ್ಪಾದರೆ ಆಗಲಿ.

ನಿನ್ನ
ಸಿಂಧು